ತಣ್ಣೀರು ತಾಗಿದ ಮೇಲೆ ಎಷ್ಟು ಹೊತ್ತು ನೋವು?

ಮೂರ್ನಾಲ್ಕು ರಾತ್ರಿ ನಿದ್ದೆಗೆಡಿಸಿದ ಹಲ್ಲುನೋವು ಒಂದು ಬೆಳಿಗ್ಗೆ ತಾನಾಗಿಯೇ ನಿಂತುಬಿಡುತ್ತದೆ. ಬಿಸಿ ಕಾಫಿ ಕುಡಿದರೂ ಏನಿಲ್ಲ, ಫ್ರಿಜ್ಜಿನ ನೀರು ಕುಡಿದರೂ ಏನಿಲ್ಲ. ಮನೆಯವರು ಲವಂಗದ ಎಣ್ಣೆಯನ್ನೋ ಮೆಡಿಕಲ್ ಶಾಪಿನಿಂದ ತಂದ ಮಾತ್ರೆಯನ್ನೋ ಹೊಗಳುತ್ತಾರೆ. ದಂತವೈದ್ಯರಿಗೆಂದು ಎತ್ತಿಟ್ಟಿದ್ದ ದುಡ್ಡು ಬೇರೆ ಖರ್ಚಿಗೆ ಹೋಗುತ್ತದೆ. ಹಲ್ಲಿನ ಮಟ್ಟಿಗೆ ಇಷ್ಟು ಮೋಸದ ಬೆಳಗು ಇನ್ನೊಂದಿಲ್ಲ. ಅಷ್ಟು ಜೋರಾಗಿ ಸಿಡಿಯುತ್ತಿದ್ದ ನರ ಒಮ್ಮೆಗೇ ಸುಮ್ಮನಾದರೆ ಅದು ವಾಸಿಯಾಗಿರುವ ಸಂಭವ ಕಡಿಮೆ, ಸತ್ತಿರುವ ಸಂಭವ ಹೆಚ್ಚು.

ರೂಟ್ ಕೆನಾಲ್ ಬೇಕೋ ಬೇಡವೋ ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ನೋವಿನ ಜೋರಿನಿಂದ ಅಳೆಯುತ್ತಾರೆ. ತಡೆಯಲಾಗದಿದ್ದರೆ ಬೇಕು, ತಡೆಯುವಂತಿದ್ದರೆ ಬೇಡ, ನಿಂತರೆ ಆ ಮಾತೇ ಇಲ್ಲ. ಈ ಅಳತೆ ಎರಡೂ ಕಡೆ ತಪ್ಪುತ್ತದೆ. ನೆತ್ತಿಗೇರುವಷ್ಟು ಜುಮ್ಮೆನ್ನುವ ಹಲ್ಲಿಗೆ ಬರೀ ಒಂದು ಸಿಮೆಂಟ್ ಸಾಕಾಗಬಹುದು. ಒಂದು ದಿನವೂ ನೋಯದ ಹಲ್ಲಿನ ಬೇರಿನ ತುದಿಯಲ್ಲಿ ಎಲುಬು ಕರಗುತ್ತಿರಬಹುದು. ನೋಡಬೇಕಾದದ್ದು ನೋವಿನ ನಡತೆಯನ್ನು. ಯಾವುದು ತಾಗಿದರೆ ಶುರುವಾಗುತ್ತದೆ? ತಾಗಿದ್ದು ಸರಿದ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ? ಏನೂ ತಾಗದೆಯೂ ಬರುತ್ತದೆಯೇ? ಇಷ್ಟನ್ನು ಗಮನಿಸಿಕೊಂಡು ಕ್ಲಿನಿಕ್ಕಿಗೆ ಹೋದವರು ವೈದ್ಯರ ಅರ್ಧ ಕೆಲಸವನ್ನು ಹಗುರ ಮಾಡಿರುತ್ತಾರೆ. ಉಳಿದರ್ಧ ಪರೀಕ್ಷೆಗಳಿಂದ ಆಗಬೇಕು. ಆ ಪರೀಕ್ಷೆಗಳು ಯಾವುವೆಂದು ಹಲ್ಲಿನ ಒಡೆಯರಿಗೂ ತಿಳಿದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೊರೆದ ಹಲ್ಲು ಮತ್ತೆ ಬೆಳೆಯುವುದಿಲ್ಲವಲ್ಲ.

ಹಲ್ಲಿನ ಹೊರಗೆ ಕಾಣುವ ಬಿಳಿ ಪದರ ಎನಾಮೆಲ್. ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು ಅದು. ಅದಕ್ಕೆ ನರವಿಲ್ಲ, ನೋವೂ ಇಲ್ಲ. ಅದರ ಕೆಳಗೆ ತುಸು ಹಳದಿ ಛಾಯೆಯ ಡೆಂಟಿನ್. ಡೆಂಟಿನ್ನಿನ ತುಂಬ ಕಣ್ಣಿಗೆ ಕಾಣದ ನಾಳಗಳು, ಒಂದು ಚದರ ಮಿಲಿಮೀಟರಿನಲ್ಲೇ ಹತ್ತಾರು ಸಾವಿರ. ಇವೆಲ್ಲದರ ಒಳಗೆ, ಹಲ್ಲಿನ ನಟ್ಟನಡುವಿನಿಂದ ಬೇರಿನ ತುದಿಯವರೆಗೆ, ತಿರುಳು. ನಾವು ಹಲ್ಲಿನ ನರ ಎಂದು ಕರೆಯುವುದು ಇದನ್ನೇ, ಆದರೆ ಅದರಲ್ಲಿ ರಕ್ತನಾಳಗಳೂ ಡೆಂಟಿನ್ ಕಟ್ಟುವ ಜೀವಕೋಶಗಳೂ ಇವೆ. ಬೇರಿನ ತುದಿಯಲ್ಲಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರೂ ಅಗಲವಿಲ್ಲದ ರಂಧ್ರದ ಮೂಲಕ ಇದಕ್ಕೆ ರಕ್ತ ಬಂದು ಹೋಗಬೇಕು. ಕಾಲಿಗೆ ಮುಳ್ಳು ಚುಚ್ಚಿದರೆ ಸುತ್ತಲಿನ ಚರ್ಮ ಉಬ್ಬಿ ಊತಕ್ಕೆ ಜಾಗ ಕೊಡುತ್ತದೆ. ತಿರುಳಿಗೆ ಆ ಅನುಕೂಲವಿಲ್ಲ. ಸುತ್ತ ಗಟ್ಟಿ ಗೋಡೆ. ಉರಿಯೂತವಾದರೆ ಒತ್ತಡ ಅಲ್ಲೇ ಏರುತ್ತದೆ, ರಕ್ತಸಂಚಾರ ಅಲ್ಲೇ ಕುಗ್ಗುತ್ತದೆ. ಇಷ್ಟು ಸಣ್ಣ ಅಂಗಾಂಶ ಇಡೀ ಮನುಷ್ಯನನ್ನು ಗೋಡೆಗೆ ತಲೆ ಚಚ್ಚಿಕೊಳ್ಳುವಂತೆ ಮಾಡುವುದು ಈ ಇಕ್ಕಟ್ಟಿನಿಂದ.

ತಣ್ಣೀರಿನಿಂದಲೇ ಶುರುಮಾಡೋಣ. ತಣ್ಣನೆಯದು ತಾಗಿದಾಗ ಡೆಂಟಿನ್ ನಾಳಗಳೊಳಗಿನ ದ್ರವ ಥಟ್ಟನೆ ಚಲಿಸುತ್ತದೆ, ಆ ಚಲನೆ ತಿರುಳಿನಂಚಿನ ನರತುದಿಗಳನ್ನು ಕೆಣಕುತ್ತದೆ. ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರಾಮ್ 1960ರ ದಶಕದಲ್ಲಿ ತಮ್ಮ ಪ್ರಯೋಗಗಳಿಂದ ಗಟ್ಟಿಗೊಳಿಸಿದ ಈ ವಿವರಣೆಯನ್ನೇ ಇಂದಿಗೂ ಕಲಿಸುತ್ತಾರೆ. ಆರೋಗ್ಯವಂತ ತಿರುಳೂ ಐಸ್‌ಕ್ರೀಮಿಗೆ ಜುಂ ಎನ್ನುತ್ತದೆ, ತಣ್ಣನೆಯದು ಸರಿದೊಡನೆ ಸುಮ್ಮನಾಗುತ್ತದೆ. ಹುಳುಕು ತುಸು ಆಳಕ್ಕೆ ಇಳಿದಾಗ ಜುಮ್ಮೆನ್ನುವುದು ಜೋರಾಗುತ್ತದೆ, ಆದರೂ ಒಂದೆರಡು ಸೆಕೆಂಡಿನಲ್ಲಿ ಇಳಿಯುತ್ತದೆ. ಇದು ಮರಳಿ ಸರಿಯಾಗಬಲ್ಲ ಉರಿಯೂತ. ಹುಳುಕು ತೆಗೆದು ಸಿಮೆಂಟ್ ತುಂಬಿದರೆ ತಿರುಳು ತಾನೇ ಚೇತರಿಸಿಕೊಳ್ಳುತ್ತದೆ, ರೂಟ್ ಕೆನಾಲಿನ ಮಾತು ಇಲ್ಲಿ ಬರಬಾರದು. ತಣ್ಣೀರು ನುಂಗಿ ಆದ ಮೇಲೂ ನೋವು ನಿಂತೇ ಇದ್ದು ಅರ್ಧ ನಿಮಿಷ, ಒಂದು ನಿಮಿಷ, ಕೆಲವೊಮ್ಮೆ ಗಂಟೆಗಟ್ಟಲೆ ಮಿಡಿಯುತ್ತಿದ್ದರೆ ಕಥೆ ಬೇರೆ. ಮೂವತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಳಿಯುವ ನೋವನ್ನು ತಿರುಳು ಮರಳಿ ಬಾರದ ಹಂತ ತಲುಪಿದ್ದರ ಗುರುತೆಂದು ಅಮೆರಿಕದ ಎಂಡೊಡಾಂಟಿಸ್ಟ್‌ಗಳ (ರೂಟ್ ಕೆನಾಲ್ ತಜ್ಞರ) ಸಂಘದ ವ್ಯಾಖ್ಯಾನ ಹೇಳುತ್ತದೆ. ಗಡಿಯಾರ ಹಿಡಿದು ಅಳೆಯುವ ಗೆರೆ ಇದಲ್ಲ. ಆದರೆ ಕ್ಲಿನಿಕ್ಕಿನಲ್ಲಿ ಕೇಳುವ ಪ್ರಶ್ನೆಗಳಲ್ಲೆಲ್ಲ ಅತಿ ಬೆಲೆಯುಳ್ಳದ್ದು ಇದು: ನೀರು ಹೋದ ಮೇಲೆ ನೋವು ಹೋಗುತ್ತದೆಯೋ, ಉಳಿಯುತ್ತದೆಯೋ?

ಬಿಸಿಯ ಸಂಗತಿ ಇನ್ನೂ ಗಂಭೀರ. ತಿರುಳಿನಲ್ಲಿ ಎರಡು ಬಗೆಯ ನೋವಿನ ನರತಂತುಗಳಿವೆ. ಅಂಚಿನ ತಂತುಗಳು ಚುರುಕು, ಚಳುಕು ಹೊಡೆದು ನಿಲ್ಲುವ ನೋವು ಅವುಗಳದ್ದು. ಒಳಗಿನ ತಂತುಗಳು ನಿಧಾನದವು. ತಿರುಳಿನೊಳಗೆ ನಿಜವಾದ ಹಾನಿಯಾದಾಗ ಎಚ್ಚರಗೊಂಡು ಗುದ್ದಿದಂಥ, ಮಿಡಿಯುವ ನೋವನ್ನು ಕೊಡುತ್ತವೆ. ರಕ್ತ ಕಡಿಮೆಯಾದರೂ ಇವು ಬೇಗ ಸಾಯುವುದಿಲ್ಲ. ಬಿಸಿ ಸಾರು, ಬಿಸಿ ಕಾಫಿ ತಾಗಿದರೆ ನೋವೇರುತ್ತದೆ, ತಣ್ಣೀರು ಬಾಯಲ್ಲಿಟ್ಟುಕೊಂಡರೆ ತಗ್ಗುತ್ತದೆ ಎನ್ನುವವರು ಬಹುತೇಕ ಈ ಕೊನೆಯ ಹಂತದವರು. ತಣ್ಣೀರಿನ ಬಾಟಲಿ ಹಿಡಿದು ಗುಟುಕು ಗುಟುಕಾಗಿ ಬಾಯಿಗೆ ಹಾಕಿಕೊಳ್ಳುತ್ತಾ ಬರುವ ರೋಗಿಯನ್ನು ಕಂಡೊಡನೆ ಅನುಭವಿ ದಂತವೈದ್ಯರು ಮುಕ್ಕಾಲು ಪಾಲು ಊಹಿಸಿಬಿಡುತ್ತಾರೆ. ಇದರ ಜೊತೆಗೆ ಏನೂ ತಾಗದೆ ಬರುವ ನೋವು, ನಡುರಾತ್ರಿ ಎಬ್ಬಿಸುವ ನೋವು, ಮಲಗಿದರೆ ಹೆಚ್ಚಾಗಿ ಎದ್ದು ಕುಳಿತರೆ ತುಸು ತಗ್ಗುವ ನೋವು ಸೇರಿತೆಂದರೆ ತಿರುಳು ತಾನಾಗಿ ಸುಧಾರಿಸುವ ಆಸೆ ಇಟ್ಟುಕೊಳ್ಳುವಂತಿಲ್ಲ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುತ್ತದೆ, ಇಕ್ಕಟ್ಟಿನಲ್ಲಿರುವ ತಿರುಳಿಗೆ ಅಷ್ಟೇ ಸಾಕು.

ಈ ಹಂತದ ಇನ್ನೊಂದು ವಿಚಿತ್ರವೆಂದರೆ ಯಾವ ಹಲ್ಲು ನೋಯುತ್ತಿದೆ ಎಂದು ರೋಗಿಗೇ ಗೊತ್ತಾಗುವುದಿಲ್ಲ. ಕೆಳದವಡೆಯ ಹಲ್ಲಿನ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ, ಮೇಲಿನದ್ದು ಕಣತಲೆಯಲ್ಲಿ. ಮೇಲಿನ ಹಲ್ಲೋ ಕೆಳಗಿನದೋ ಎಂಬುದೇ ಅದಲುಬದಲಾಗುತ್ತದೆ. ಎಡಗಡೆಯದು ಬಲಗಡೆಗೆ ದಾಟುವುದು ಮಾತ್ರ ಇಲ್ಲವೆನ್ನುವಷ್ಟು ಅಪರೂಪ. ತಿರುಳಿಗೆ ನೋವು ತಿಳಿಯುತ್ತದೆ, ಜಾಗ ತಿಳಿಯುವುದಿಲ್ಲ. ಜಾಗ ತಿಳಿಯುವ ನರಗಳಿರುವುದು ಬೇರನ್ನು ಎಲುಬಿಗೆ ಹಿಡಿದಿಟ್ಟಿರುವ ತೆಳು ತಂತುಪದರದಲ್ಲಿ. ಸೋಂಕು ಬೇರಿನ ತುದಿ ದಾಟಿ ಅಲ್ಲಿಗೆ ಮುಟ್ಟಿದ ಮೇಲೆ ರೋಗಿ ಬೆರಳಿಟ್ಟು ತೋರಿಸುತ್ತಾನೆ: ಇದೇ ಹಲ್ಲು, ಕಚ್ಚಿದರೆ ನೋವು, ಉಳಿದ ಹಲ್ಲುಗಳಿಗಿಂತ ಎತ್ತರವಾದಂತೆ ಅನಿಸುತ್ತದೆ. ಆದ್ದರಿಂದ ರೋಗಿ ಜಾಗ ತೋರಿಸಲಾಗದ ದಿನ, ನೋವಿನ ಕಾಟ ತಾಳದೆ, ಯಾವುದಾದರೂ ಸರಿ ಕಿತ್ತುಹಾಕಿ ಎಂದು ಹಟ ಹಿಡಿಯುವುದು ತೀರ ಅಪಾಯ. ಒಳ್ಳೆಯ ಹಲ್ಲು ಹೋಗಿ ಕೆಟ್ಟ ಹಲ್ಲು ಉಳಿದ ಉದಾಹರಣೆಗಳು ಎಲ್ಲ ಊರಲ್ಲೂ ಇವೆ.

ಕಚ್ಚಿದರೆ ನೋವು ಎಂದ ಮಾತ್ರಕ್ಕೆ ರೂಟ್ ಕೆನಾಲ್ ಎಂದೂ ಅಲ್ಲ. ಹೊಸದಾಗಿ ಹಾಕಿದ ಸಿಮೆಂಟ್ ಕೂದಲೆಳೆಯಷ್ಟು ಎತ್ತರವಿದ್ದರೂ ಕಚ್ಚಿದಾಗೆಲ್ಲ ನೋಯುತ್ತದೆ, ತುಸು ಉಜ್ಜಿದರೆ ಸರಿಹೋಗುತ್ತದೆ. ಎರಡು ಹಲ್ಲಿನ ಸಂದಿಯಲ್ಲಿ ಮಾಂಸದ ಎಳೆ, ಸೊಪ್ಪಿನ ನಾರು ಸಿಕ್ಕಿ ಒಸಡು ನೋಯುವುದೂ ಇದೆ. ನಿಜಕ್ಕೂ ಕಷ್ಟದ್ದು ಬಿರುಕು ಬಿಟ್ಟ ಹಲ್ಲು. ಅನ್ನದಲ್ಲಿ ಸಿಕ್ಕ ಕಲ್ಲು, ಗಟ್ಟಿ ಅಡಿಕೆ, ಮೂಳೆ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ, ಇವೆಲ್ಲ ದವಡೆ ಹಲ್ಲಿನಲ್ಲಿ ಎಕ್ಸ್-ರೇಗೂ ಕಾಣದ ಸೀಳು ತರುತ್ತವೆ. ಇದರ ಗುರುತು ವಿಶಿಷ್ಟವಾದದ್ದು: ಕಚ್ಚುವಾಗಿನದಕ್ಕಿಂತ ಕಚ್ಚಿದ ಬಾಯಿ ಬಿಡುವಾಗ ಹೆಚ್ಚು ಚುರ್ ಎನ್ನುತ್ತದೆ. ಅದೂ ಯಾವುದೋ ಒಂದು ಕೋನದಲ್ಲಿ ಕಚ್ಚಿದಾಗ ಮಾತ್ರ. ಸೀಳು ಮೇಲೆಯೇ ನಿಂತಿದ್ದು ತಿರುಳು ಚೆನ್ನಾಗಿದ್ದರೆ ಕ್ಯಾಪ್ ಹಾಕಿ ಉಳಿಸಬಹುದು, ತಿರುಳು ಮುಟ್ಟಿದ್ದರೆ ರೂಟ್ ಕೆನಾಲ್ ಬೇಕು, ಬೇರಿನುದ್ದಕ್ಕೂ ಸೀಳಿದ್ದರೆ ಯಾವ ಚಿಕಿತ್ಸೆಯೂ ಹಿಡಿಯುವುದಿಲ್ಲ. ಆ ಹಲ್ಲನ್ನು ಕೀಳಬೇಕಾಗುತ್ತದೆ.

ಇನ್ನು ಸದ್ದಿಲ್ಲದೆ ಸಾಯುವ ತಿರುಳುಗಳು. ಇವುಗಳ ಬಗ್ಗೆ ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ಇವು ಬಹಳ ಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ಹುಳುಕು ನಿಧಾನವಾಗಿ ಇಳಿದಾಗ ತಿರುಳು ಒಂದು ಅಂಚಿನಿಂದ ಕೊಳೆಯುತ್ತಾ ಹೋಗಿ ನೋವೇ ಕೊಡದೆ ಮುಗಿಯಬಹುದು. ಆ ಮೇಲೆ ಬ್ಯಾಕ್ಟೀರಿಯಾಗಳಿಗೆ ಅದು ನಿರಾತಂಕದ ಬಿಡಾರ. ರಕ್ತವಿಲ್ಲದ ಜಾಗಕ್ಕೆ ದೇಹದ ರಕ್ಷಣಾಕೋಶಗಳು ಬರಲಾರವು. ಬೇರಿನ ತುದಿಯಿಂದ ಹೊರಬರುವ ವಿಷವಸ್ತುಗಳಿಗೆ ಸುತ್ತಲಿನ ಎಲುಬು ಹಿಂದೆ ಸರಿಯುತ್ತದೆ, ಕೀವು ದಾರಿ ಹುಡುಕುತ್ತದೆ. ಒಸಡಿನ ಮೇಲೆ ಅಕ್ಕಿಕಾಳಿನಷ್ಟು ಗುಳ್ಳೆಯೊಂದು ಏಳುತ್ತದೆ, ಒಡೆಯುತ್ತದೆ, ಉಪ್ಪುಪ್ಪಾದ ರುಚಿ ಬಾಯಿಗೆ ಬರುತ್ತದೆ, ಗುಳ್ಳೆ ಮಾಯವಾಗುತ್ತದೆ, ತಿಂಗಳ ಮೇಲೆ ಮತ್ತೆ ಅಲ್ಲೇ ಏಳುತ್ತದೆ. ಕೀವಿಗೆ ಹೊರದಾರಿ ಇರುವುದರಿಂದ ಒತ್ತಡವಿಲ್ಲ, ಒತ್ತಡವಿಲ್ಲದ್ದರಿಂದ ನೋವಿಲ್ಲ. ಬಾಯಿ ಮುಕ್ಕಳಿಸಿ ಸುಮ್ಮನಾಗುವವರು ವರ್ಷಗಟ್ಟಲೆ ಹೀಗೇ ಕಳೆಯುತ್ತಾರೆ. ಕೆಲವೊಮ್ಮೆ ಈ ದಾರಿ ಬಾಯೊಳಗೆ ತೆರೆಯುವುದಿಲ್ಲ, ಗಲ್ಲದ ಮೇಲೋ ಕೆನ್ನೆಯ ಮೇಲೋ ತೆರೆಯುತ್ತದೆ. ನೋಡಿದರೆ ಮಾಗದ ಮೊಡವೆ. ಮುಲಾಮು ಹಚ್ಚಿದರೆ, ಆ್ಯಂಟಿಬಯಾಟಿಕ್ ನುಂಗಿದರೆ ಒಣಗಿ ಮತ್ತೆ ಒಸರುತ್ತದೆ. ಗಲ್ಲದ ಮೇಲೆ ಒಂದೇ ಜಾಗದಲ್ಲಿ ಮರುಕಳಿಸುವ ಇಂಥ ಗಾಯಕ್ಕೆ ಕಾರಣ ಕೆಳಗಿನ ಬಾಚಿಹಲ್ಲಿನ ಸತ್ತ ತಿರುಳಾಗಿರಬಹುದು. ಹಲ್ಲಿನ ಎಕ್ಸ್-ರೇ ತೆಗೆಸುವವರೆಗೆ ಅದು ತಿಳಿಯುವುದಿಲ್ಲ. ಹಲ್ಲಿಗೆ ಚಿಕಿತ್ಸೆಯಾದರೆ ಚರ್ಮಕ್ಕೆ ಬೇರೆ ಔಷಧವೇ ಬೇಡವಾಗುತ್ತದೆ.

ಬಿದ್ದು ಪೆಟ್ಟು ತಿಂದ ಮುಂಬಲ್ಲೂ ಹೀಗೆಯೇ. ಬಾಲ್ಯದಲ್ಲಿ ಸೈಕಲ್ಲಿನಿಂದ ಬಿದ್ದ ಪೆಟ್ಟಿಗೆ ಬೇರಿನ ತುದಿಯ ರಕ್ತನಾಳ ಹರಿದು, ಹಲ್ಲು ವರ್ಷಗಳ ಮೇಲೆ ಬೂದು ಬಣ್ಣಕ್ಕೆ ತಿರುಗುತ್ತದೆ. ಮದುವೆಯ ಫೋಟೊ ತೆಗೆಸುವಾಗ ಬಣ್ಣ ಗಮನಕ್ಕೆ ಬರುತ್ತದೆ. ಆದರೆ ಪೆಟ್ಟು ಬಿದ್ದ ಹೊಸತರಲ್ಲಿ ಅವಸರ ಮಾಡಬಾರದು. ತಿರುಳು ಬದುಕಿದ್ದೂ ಮೂರು ತಿಂಗಳವರೆಗೆ ಪರೀಕ್ಷೆಗೆ ಸ್ಪಂದಿಸದಿರಬಹುದು, ಬದಲಾದ ಬಣ್ಣ ತಾನಾಗಿ ತಿಳಿಯಾಗುವುದೂ ಉಂಟು. ದಂತ ಆಘಾತಗಳ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿ ತಿರುಳು ಸತ್ತಿದೆ ಎನ್ನಲು ಕನಿಷ್ಠ ಎರಡು ಲಕ್ಷಣ ಬೇಕೆನ್ನುತ್ತದೆ. ಏಳೆಂಟು ವರ್ಷದ ಮಕ್ಕಳಲ್ಲಿ ಹೊಸ ಮುಂಬಲ್ಲಿನ ಬೇರು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಅದು ಬೆಳೆಯಬೇಕಾದರೆ ತಿರುಳು ಬದುಕಿರಬೇಕು. ಅಲ್ಲಿ ಕಾಯುವುದೂ ಒಂದು ಚಿಕಿತ್ಸೆ, ಆದರೆ ಗೊತ್ತಾದ ದಿನಗಳಂದು ತಪ್ಪದೆ ತೋರಿಸುತ್ತಾ ಕಾಯಬೇಕು.

ಕ್ಲಿನಿಕ್ಕಿನಲ್ಲಿ ಏನು ನಡೆಯಬೇಕು? ಬಾಯಿ ತೆರೆಸಿ, ಒಂದು ಎಕ್ಸ್-ರೇ ತೆಗೆದು, ಆರ್‌ಸಿಟಿ (ರೂಟ್ ಕೆನಾಲ್) ಮಾಡಬೇಕು ಎಂದಷ್ಟೇ ಹೇಳಿದರೆ ಸಾಲದು. ಹತ್ತಿಯ ಉಂಡೆಗೆ ತಣ್ಣಗೆ ಮಾಡುವ ಸ್ಪ್ರೇ ಹೊಡೆದು ಹಲ್ಲಿಗೆ ತಾಗಿಸುವ ಪರೀಕ್ಷೆ ಬಹಳ ಸರಳ, ಖರ್ಚಿಲ್ಲದ್ದು, ನಂಬಿಕೆಗೆ ಅರ್ಹವಾದದ್ದು. ಅದನ್ನು ಮೊದಲು ನೋವಿಲ್ಲದ ಪಕ್ಕದ ಹಲ್ಲಿಗೋ ಎದುರು ಬದಿಯ ಅದೇ ಹಲ್ಲಿಗೋ ಮಾಡುತ್ತಾರೆ. ನಿಮಗೆ ತಣ್ಣಗೆಂದರೆ ಹೇಗಿರುತ್ತದೆ ಎಂದು ತಿಳಿದ ಮೇಲೆ ತಾನೇ ಹೋಲಿಸಲು ಸಾಧ್ಯ? ಅನುಮಾನದ ಹಲ್ಲಿಗೆ ತಣ್ಣನೆಯದು ತಿಳಿಯದೇ ಹೋದರೆ ತಿರುಳು ಸತ್ತಿರಬಹುದು, ತಿಳಿದು ಉಳಿದುಬಿಟ್ಟರೆ ಸಾಯುವ ಹಾದಿಯಲ್ಲಿರಬಹುದು. ಸಣ್ಣ ವಿದ್ಯುತ್ ಕೊಟ್ಟು ನರ ಸ್ಪಂದಿಸುತ್ತದೆಯೇ ಎಂದು ನೋಡುವ ಉಪಕರಣವೂ ಇದೆ. ಬಾಯಿಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟುತ್ತಾರೆ, ಬೇರಿನ ನೇರಕ್ಕೆ ಒಸಡನ್ನು ಒತ್ತುತ್ತಾರೆ, ಹಲ್ಲಿನ ಒಂದೊಂದು ಮೂಲೆಯನ್ನೂ ಕಚ್ಚಿಸಿ ನೋಡುತ್ತಾರೆ, ಒಸಡು ಮತ್ತು ಹಲ್ಲಿನ ನಡುವಿನ ಆಳವನ್ನು ಗೆರೆ ಗುರುತಿನ ಕಡ್ಡಿಯಿಂದ ಅಳೆಯುತ್ತಾರೆ. ಒಸಡಿನಲ್ಲಿ ಗುಳ್ಳೆಯಿದ್ದರೆ ಅದರ ಬಾಯಿಯಿಂದ ರೂಟ್ ಕೆನಾಲಿನಲ್ಲಿ ತುಂಬಲು ಬಳಸುವ ಗಟಾಪರ್ಚಾದ ತೆಳ್ಳನೆಯ ಎಳೆಯನ್ನು ಒಳಕ್ಕೆ ಬಿಟ್ಟು ಎಕ್ಸ್-ರೇ ತೆಗೆದರೆ, ಕೀವು ಯಾವ ಬೇರಿನಿಂದ ಬರುತ್ತಿದೆ ಎಂಬುದನ್ನು ಆ ಬಿಳಿ ಗೆರೆಯೇ ತೋರಿಸುತ್ತದೆ. ನನಗೆ ಬಹಳ ಮೆಚ್ಚುಗೆಯಾದ ಉಪಾಯ ಇದು.

ಇವುಗಳಲ್ಲಿ ಯಾವುದೊಂದನ್ನೂ ಒಂಟಿಯಾಗಿ ನಂಬುವಂತಿಲ್ಲ. ವಯಸ್ಸಾದವರ ಹಲ್ಲಿನಲ್ಲಿ ತಿರುಳಿನ ನಾಳ ಕಿರಿದಾಗಿ, ತಿರುಳು ಬದುಕಿದ್ದೂ ತಣ್ಣನೆಯದು ತಿಳಿಯದಿರಬಹುದು. ಮೂರು ಬೇರಿನ ದವಡೆ ಹಲ್ಲಿನಲ್ಲಿ ಒಂದು ಬೇರಿನ ತಿರುಳು ಸತ್ತು ಇನ್ನೊಂದು ಬದುಕಿರಬಹುದು. ಎಕ್ಸ್-ರೇಯ ಮಿತಿಯನ್ನು ಅಮೆರಿಕದ ಬೆಂಡರ್ ಮತ್ತು ಸೆಲ್ಟ್ಸರ್ 1961ರಲ್ಲೇ ತೋರಿಸಿದ್ದರು: ದವಡೆಯ ಒಳಗಿನ ಮೆದು ಎಲುಬು ಸಾಕಷ್ಟು ಕರಗಿದ್ದರೂ, ಹೊರಗಿನ ಗಟ್ಟಿ ಪದರಕ್ಕೆ ತಗಲುವವರೆಗೆ ಎಕ್ಸ್-ರೇಯಲ್ಲಿ ನೆರಳು ಕಾಣಿಸದೇ ಇರಬಹುದು. ತಿರುಳಿನ ಉರಿಯೂತವಂತೂ ಎಕ್ಸ್-ರೇಗೆ ಕಾಣುವುದೇ ಇಲ್ಲ. ಎಕ್ಸ್-ರೇಯಲ್ಲಿ ಏನೂ ಇಲ್ಲ, ಹಾಗಾಗಿ ಹಲ್ಲು ಚೆನ್ನಾಗಿದೆ ಎಂಬ ಮಾತೂ, ಎಕ್ಸ್-ರೇಯಲ್ಲಿ ಹುಳುಕು ಆಳವಾಗಿ ಕಾಣುತ್ತಿದೆ, ಹಾಗಾಗಿ ರೂಟ್ ಕೆನಾಲೇ ಗತಿ ಎಂಬ ಮಾತೂ ಪೂರ್ಣವಲ್ಲ. ಮಾತು, ಪರೀಕ್ಷೆ, ಚಿತ್ರ ಮೂರೂ ಒಂದೇ ಹಲ್ಲನ್ನು ತೋರಿಸಿದರೆ ನಿರ್ಧಾರಕ್ಕೆ ಬಲ. ತೋರಿಸದಿದ್ದರೆ ಕೆಲವು ದಿನ ಕಾದು ಮತ್ತೆ ನೋಡುವ ವೈದ್ಯರನ್ನು ಅಸಮರ್ಥರೆಂದು ತಿಳಿಯಬೇಡಿ. ಒಳ್ಳೆಯ ಕೈ ಅವರದ್ದು.

ಹಲ್ಲುನೋವಿನ ವೇಷ ಹಾಕುವ ಬೇರೆ ರೋಗಗಳೂ ಇವೆ. ನೆಗಡಿ ಕಟ್ಟಿಕೊಂಡ ವಾರದಲ್ಲಿ ಮೇಲ್ದವಡೆಯ ಹಿಂದಿನ ಮೂರ್ನಾಲ್ಕು ಹಲ್ಲು ಒಟ್ಟಿಗೆ ಭಾರವಾಗಿ ನೋಯುತ್ತಿದ್ದರೆ, ಬಗ್ಗಿದಾಗ ಹೆಚ್ಚಾದರೆ, ಅದು ಸೈನಸ್ಸಿನದ್ದು. ಮುಖ ತೊಳೆಯುವಾಗ, ಹಲ್ಲುಜ್ಜುವಾಗ, ಗಾಳಿ ಸೋಕಿದಾಗ ಮುಖದ ಒಂದೇ ಪಕ್ಕದಲ್ಲಿ ಕರೆಂಟು ಹೊಡೆದಂತೆ ಕ್ಷಣಕಾಲ ಬಂದು ಹೋಗುವ ಭಯಂಕರ ನೋವು ಮುಖದ ದೊಡ್ಡ ನರದ ಕಾಯಿಲೆಯಾಗಿರಬಹುದು. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅದರ ಹೆಸರು. ಈ ನೋವಿಗೆ ಒಂದಾದ ಮೇಲೊಂದು ಹಲ್ಲು ಕೀಳಿಸಿಕೊಂಡು, ನೋವು ಹಾಗೇ ಉಳಿದು, ಕೊನೆಗೆ ನರರೋಗ ತಜ್ಞರನ್ನು ಕಂಡವರು ಎಷ್ಟೋ ಮಂದಿ. ಮೆಟ್ಟಿಲು ಹತ್ತುವಾಗ, ವೇಗವಾಗಿ ನಡೆಯುವಾಗ ಕೆಳದವಡೆ ನೋಯಲು ಶುರುವಾಗಿ ಕುಳಿತರೆ ತಗ್ಗುವುದಾದರೆ ಅದು ಹೃದಯದ ಮಾತು. ದಂತವೈದ್ಯರ ಕುರ್ಚಿಗೆ ಹೋಗದೆ ನೇರ ಆಸ್ಪತ್ರೆಗೆ ಹೋಗಬೇಕು. ಹಲವು ಹಲ್ಲುಗಳ ಬುಡ ತಣ್ಣೀರಿಗೆ ಜುಂ ಎನ್ನುವುದು ಬಿರುಸಾದ ಬ್ರಶ್ಶಿನಿಂದಲೋ ಇದ್ದಿಲು, ಇಟ್ಟಿಗೆಪುಡಿ ಹಾಕಿ ಉಜ್ಜಿದ್ದರಿಂದಲೋ ಸವೆದ ಹಲ್ಲಿನ ಲಕ್ಷಣ. ಅದಕ್ಕೆ ಬೇರೆ ಪೇಸ್ಟು, ಬೇರೆ ಉಜ್ಜುವ ರೀತಿ, ಕೆಲವೆಡೆ ಸಿಮೆಂಟ್ ಸಾಕು.

ಮಾತ್ರೆಗಳ ವಿಷಯಕ್ಕೆ ಬರುತ್ತೇನೆ. ಲವಂಗದಲ್ಲಿರುವ ಯೂಜೆನಾಲ್ ನರವನ್ನು ಸ್ವಲ್ಪ ಹೊತ್ತು ಮಂಕಾಗಿಸುತ್ತದೆ, ದಂತವೈದ್ಯರೂ ಅದನ್ನು ತಾತ್ಕಾಲಿಕ ಸಿಮೆಂಟಿನಲ್ಲಿ ಬಳಸುತ್ತಾರೆ. ನೋವಿನ ಮಾತ್ರೆ ಒಂದು ರಾತ್ರಿ ಕಳೆಸುತ್ತದೆ. ನೋವಿನ ಮಾತ್ರೆಯನ್ನು ಪುಡಿ ಮಾಡಿ ಹಲ್ಲಿನ ತೂತಿಗೆ ಒತ್ತುವುದು, ಕಡ್ಡಿಪುಡಿ ಇಡುವುದು ಮಾತ್ರ ಒಸಡನ್ನು ಸುಡುತ್ತವೆ. ನನ್ನ ನಿಜವಾದ ಆತಂಕ ಆ್ಯಂಟಿಬಯಾಟಿಕ್ ಬಗ್ಗೆ. ಚೀಟಿಯಿಲ್ಲದೆ ಕೊಳ್ಳುವ ಐದು ದಿನದ ಕೋರ್ಸು ಹಲ್ಲುನೋವಿಗೆ ಮದ್ದೆಂದು ಊರೆಲ್ಲ ನಂಬಿದೆ. ತಿರುಳಿಗೆ ರಕ್ತವೇ ಹೋಗದಾಗ ರಕ್ತದಲ್ಲಿ ತೇಲುವ ಔಷಧ ಅಲ್ಲಿಗೆ ಹೇಗೆ ತಲುಪೀತು? ಬೇರೆ ಕಾಯಿಲೆಯಿಲ್ಲದ ವಯಸ್ಕರ ತಿರುಳಿನ ಉರಿಯೂತಕ್ಕೆ ಆ್ಯಂಟಿಬಯಾಟಿಕ್ ಕೊಡಬಾರದು, ಹಲ್ಲಿನ ಚಿಕಿತ್ಸೆಯೇ ಆಗಬೇಕು ಎಂದು ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಸ್ಪಷ್ಟವಾಗಿ ಹೇಳಿತು. ಜ್ವರ ಬಂದಿದ್ದರೆ, ಊತ ಹರಡುತ್ತಿದ್ದರೆ ಆ್ಯಂಟಿಬಯಾಟಿಕ್‌ನ ಅಗತ್ಯವಿದೆ. ಕಣ್ಣಿನ ಕಡೆಗೋ ದವಡೆಯ ಕೆಳಗೆ ಕತ್ತಿನ ಕಡೆಗೋ ಊತ ಇಳಿಯುತ್ತಿದ್ದರೆ, ಬಾಯಿ ತೆರೆಯಲು, ಉಗುಳು ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗುವವರೆಗೆ ಕಾಯಬಾರದು. ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರು ಇದನ್ನು ಇನ್ನಷ್ಟು ನೆನಪಿಡಬೇಕು.

ಹುಳುಕು ಹಲ್ಲಿನೊಳಗೆ ಹುಳವಿದೆ ಎಂದು ನಂಬಿ ಗುಳ್ಳದ ಜಾತಿಯ ಬೀಜದ ಹೊಗೆ ಹಿಡಿಯುತ್ತಿದ್ದ ಕಾಲ ಪೂರ್ತಿ ಹೋಗಿಲ್ಲ. ಹಲ್ಲಿನ ಹುಳದ ನಂಬಿಕೆ ಪ್ರಾಚೀನ ಬ್ಯಾಬಿಲೋನಿನಷ್ಟು ಹಳೆಯದು. ಪ್ಯಾರಿಸ್ಸಿನ ಪಿಯರ್ ಫೊಶಾರ್ 1728ರ ತನ್ನ ದಂತವೈದ್ಯ ಗ್ರಂಥದಲ್ಲಿ, ಹುಡುಕಿದರೂ ತನಗೆ ಅಂಥ ಹುಳ ಕಾಣಲಿಲ್ಲ ಎಂದ. ತಿರುಳಿನ ರೋಗಕ್ಕೆ ನಿಜವಾದ ಕಾರಣ ಯಾವುದೆಂಬುದಕ್ಕೆ ಬಹಳ ಗಟ್ಟಿಯಾದ ಸಾಕ್ಷ್ಯ ದೊರೆತದ್ದು 1965ರಲ್ಲಿ. ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜ್‌ಜೆರಾಲ್ಡ್ ಎಂಬ ಮೂವರು ಇಲಿಗಳ ಹಲ್ಲು ಕೊರೆದು ತಿರುಳನ್ನು ತೆರೆದಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಕೀವಾಯಿತು. ಹುಟ್ಟಿನಿಂದ ರೋಗಾಣುವಿಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳಲ್ಲಿ, ತೆರೆದ ಗಾಯದೊಳಗೆ ತಿಂದ ಆಹಾರ ಸಿಕ್ಕಿಕೊಂಡರೂ ತಿರುಳು ಬದುಕಿತು. ಗಾಯದ ಮೇಲೆ ಹೊಸ ಡೆಂಟಿನ್ನಿನ ಸೇತುವೆ ಕಟ್ಟಿಕೊಂಡಿತು. ಬ್ಯಾಕ್ಟೀರಿಯಾಗಳನ್ನು ಹೊರಗಿಟ್ಟರೆ ತಿರುಳಿಗೆ ವಾಸಿಯಾಗುವ ಶಕ್ತಿಯಿದೆ ಎಂಬುದು ಈ ಪ್ರಯೋಗದಿಂದ ಖಚಿತವಾಯಿತು.

ಆ ಶಕ್ತಿಯನ್ನು ಬಳಸಿಕೊಳ್ಳುವ ಚಿಕಿತ್ಸೆ ಈಗ ಮುಂದೆ ಬಂದಿದೆ. ಕ್ಯಾಲಿಫೋರ್ನಿಯಾದ ಲೋಮ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ 1990ರ ದಶಕದಲ್ಲಿ ರೂಪಿಸಿದ ಎಂಟಿಎ ಎಂಬ ಸಿಮೆಂಟ್, ತಿರುಳಿನ ಮೇಲೆ ನೇರವಾಗಿ ಇಟ್ಟರೂ ಅದನ್ನು ಕೆಣಕದೆ ಬಿಗಿಯಾಗಿ ಮುಚ್ಚುತ್ತದೆ. ಹುಳುಕು ತೆಗೆಯುವಾಗ ತಿರುಳು ತೆರೆದುಕೊಂಡಿತೆಂದರೆ ಹಿಂದೆ ರೂಟ್ ಕೆನಾಲ್ ಎಂದೇ ಲೆಕ್ಕ. ಇಂದು ಆಯ್ದ ಹಲ್ಲುಗಳಲ್ಲಿ ತಿರುಳಿನ ಕೆಟ್ಟ ಮೇಲ್ಭಾಗವನ್ನು ಮಾತ್ರ ತೆಗೆದು, ರಕ್ತ ಕೆಲವೇ ನಿಮಿಷದಲ್ಲಿ ನಿಂತರೆ, ಮೇಲೆ ಇಂಥ ಸಿಮೆಂಟಿಟ್ಟು ಉಳಿದ ತಿರುಳನ್ನು ಬದುಕಿಸುತ್ತಾರೆ. ಮರಳಿ ಬಾರದ ಹಂತ ಎಂದು ಲಕ್ಷಣಗಳು ಹೇಳಿದ ಹಲ್ಲುಗಳಲ್ಲೂ ಇದು ಫಲಿಸಿದ ವರದಿಗಳಿವೆ. ಯುರೋಪಿನ ಎಂಡೊಡಾಂಟಾಲಜಿ ಸಂಘ 2019ರಲ್ಲಿ ತಿರುಳನ್ನು ಜೀವಂತವಾಗಿ ಉಳಿಸುವ ಚಿಕಿತ್ಸೆಯ ಬಗ್ಗೆ ಪ್ರತ್ಯೇಕ ನಿಲುವನ್ನೇ ಪ್ರಕಟಿಸಿತು. ಆದ್ದರಿಂದ ರೂಟ್ ಕೆನಾಲ್ ಎಂದೊಡನೆ ಒಂದು ಪ್ರಶ್ನೆ ಕೇಳುವುದು ತಪ್ಪಲ್ಲ: ಡಾಕ್ಟ್ರೇ, ತಿರುಳು ಬದುಕಿದೆಯೇ, ಅದನ್ನು ಉಳಿಸಲು ದಾರಿಯಿದೆಯೇ? ತಿರುಳು ಸತ್ತಿದ್ದರೆ ಈ ದಾರಿ ಮುಚ್ಚಿದಂತೆ. ಆಗ ಇರುವ ಆಯ್ಕೆ ಎರಡೇ, ರೂಟ್ ಕೆನಾಲ್ ಅಥವಾ ಕೀಳುವುದು. ಸುಮ್ಮನೆ ಬಿಡುವುದು ಆಯ್ಕೆಯಲ್ಲ.

ಸತ್ತ ಹಲ್ಲನ್ನು ಬಾಯಲ್ಲಿಟ್ಟುಕೊಂಡರೆ ದೇಹಕ್ಕೆಲ್ಲ ವಿಷ ಎಂಬ ಭಯ ಈಗಲೂ ಮೊಬೈಲುಗಳಲ್ಲಿ ಸುತ್ತುತ್ತಿದೆ. ಇದರ ಬೇರು 1910ರದ್ದು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್ ಆ ವರ್ಷ ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣ, ಬಾಯಿಯ ಸೋಂಕೇ ಅನೇಕ ರೋಗಗಳ ಮೂಲ ಎಂಬ ವಾದಕ್ಕೆ ಬಲ ಕೊಟ್ಟಿತು. ಮುಂದಿನ ಎರಡು ಮೂರು ದಶಕ ಕೀಲುನೋವಿಗೂ ಮಾನಸಿಕ ಕಾಯಿಲೆಗೂ ಹಲ್ಲು ಕೀಳಿಸಿದರು. ರೋಗಗಳು ವಾಸಿಯಾಗಲಿಲ್ಲ, ಬಾಯಿಗಳು ಬೋಳಾದವು. ಸರಿಯಾಗಿ ಶುಚಿಗೊಳಿಸಿ ಮುಚ್ಚಿದ ಬೇರು ದೇಹಕ್ಕೆ ವಿಷವಲ್ಲ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂಬ ನಮ್ಮೂರುಗಳ ಭಯಕ್ಕೂ ಆಧಾರವಿಲ್ಲ. ಹಲ್ಲಿನ ನರ ಬೇರೆ, ನೋಟದ ನರ ಬೇರೆ.

ಚಿಕಿತ್ಸೆ ಹೇಗೆ ಎಂಬುದು ಇಲ್ಲಿ ಮುಖ್ಯ ವಿಷಯವಲ್ಲವಾದರೂ ಎರಡು ಮಾತು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಸೂಜಿಯಂಥ ಫೈಲುಗಳಿಂದಲೂ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದಲೂ ಬೇರಿನೊಳಗಿನ ನಾಳಗಳನ್ನು ಶುಚಿಗೊಳಿಸಿ, ಮಲಯಾದ ಮರವೊಂದರ ಹಾಲಿನಿಂದ ಬರುವ ಗಟಾಪರ್ಚಾ ತುಂಬುತ್ತಾರೆ. ರಬ್ಬರ್ ಹಾಳೆ 1864ರಿಂದ ಇದೆ, ಉಗುಳಿನ ಬ್ಯಾಕ್ಟೀರಿಯಾ ಒಳಬರದಂತೆ, ಸಣ್ಣ ಫೈಲು ಗಂಟಲಿಗೆ ಜಾರದಂತೆ ಕಾಯುತ್ತದೆ. ಅದನ್ನು ಬಳಸುತ್ತೀರಾ ಎಂದು ಕೇಳಿ. ಖರ್ಚು ಹೆಚ್ಚೆಂದು ಹಲ್ಲು ಕೀಳಿಸುವ ಮುಂಚೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲೋ ನಿಮ್ಮ ಸಮೀಪದ ದಂತ ಕಾಲೇಜಿನಲ್ಲೋ ವಿಚಾರಿಸಿ. ಅಲ್ಲಿ ಇದಕ್ಕೆಂದೇ ವಿಭಾಗವಿರುತ್ತದೆ, ಪರೀಕ್ಷೆಗಳನ್ನೂ ಕ್ರಮವಾಗಿ ಮಾಡುತ್ತಾರೆ, ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ. ದವಡೆ ಹಲ್ಲಿಗೆ ಕ್ಯಾಪ್ ಹಾಕಿಸುವುದನ್ನು ಮುಂದೂಡಬೇಡಿ. ನೋವು ಹೋಯಿತೆಂದು ಅಲ್ಲಿಗೇ ಬಿಟ್ಟ ಹಲ್ಲುಗಳು ಮುಂದೊಂದು ದಿನ ಸೀಳುತ್ತವೆ.

ಚಿಕಿತ್ಸೆಯಾದ ಕೆಲವು ದಿನ ಕಚ್ಚುವಾಗ ತುಸು ನೋವಿರುವುದು ಸಹಜ, ದಿನೇದಿನೇ ಅದು ಇಳಿಯುತ್ತಿರಬೇಕು. ಬೇರಿನ ತುದಿಯಲ್ಲಿ ಮುಂಚೆಯೇ ಕಪ್ಪು ನೆರಳಿದ್ದವರು ಒಂದು ವರ್ಷಕ್ಕೆ ಮತ್ತೆ ಎಕ್ಸ್-ರೇ ತೆಗೆಸಬೇಕು. ನೆರಳು ಕಿರಿದಾಗಿದ್ದರೆ ಎಲುಬು ತುಂಬಿಕೊಳ್ಳುತ್ತಿದೆ ಎಂದರ್ಥ, ಪೂರ್ತಿ ತುಂಬಲು ನಾಲ್ಕು ವರ್ಷದವರೆಗೂ ಬೇಕಾಗಬಹುದು. ನೆರಳು ಹಿಗ್ಗಿದ್ದರೆ, ಒಸಡಿನ ಗುಳ್ಳೆ ಮತ್ತೆ ಎದ್ದಿದ್ದರೆ, ಸಿಗದೇ ಉಳಿದ ನಾಳವೊಂದಿರಬಹುದು. ಮೇಲಿನ ಮೊದಲ ದೊಡ್ಡ ದವಡೆ ಹಲ್ಲಿನಲ್ಲಿ ನಾಲ್ಕನೆಯ ನಾಳ ಹೀಗೆ ಕಣ್ತಪ್ಪುವುದು ಹೆಚ್ಚು. ಅಂಥ ಹಲ್ಲನ್ನು ತಜ್ಞರು ಮತ್ತೆ ತೆರೆದು, ಮೈಕ್ರೋಸ್ಕೋಪಿನಡಿ ಆ ನಾಳವನ್ನು ಹುಡುಕಿ, ತೊಳೆದು ಮುಚ್ಚಬಲ್ಲರು.